ಕುಂದ್ರಲಾರದ ನಾಯಿ

ನಮ್ಮ ಮನೆಗೆ ಗ್ರೇಹೌಂಡ್ ಬಂದದ್ದು ನಾನು ಬೇಕೆಂದು ಕೇಳಿದ್ದಕ್ಕಲ್ಲ. ಯಜಮಾನರ ಗೆಳೆಯರೊಬ್ಬರು ಅದನ್ನು ಓಟದ ಪಂದ್ಯಕ್ಕೆಂದು ಸಾಕಿದ್ದರು. ಒಂದು ಪಂದ್ಯದ ತಿರುವಿನಲ್ಲಿ ಕಾಲು ಉಳುಕಿದ ಮೇಲೆ ಅದು ಮೊದಲಿನಂತೆ ಓಡಲಿಲ್ಲ. ಅವರು ಬೇರೆ ನಾಯಿ ತಂದರು, ಇದನ್ನು ನಮ್ಮವರು ನಮ್ಮೂರು ಕಲ್ಲೋಳಿಗೆ ಕರೆತಂದರು. ಬೂದು ಬಣ್ಣದ, ಪಕ್ಕೆಲುಬು ಕಾಣುವ ಹೆಣ್ಣುನಾಯಿ. ಓಣಿಯವರೆಲ್ಲ "ಮುಧೋಳ ನಾಯಿ ಏನ್ರಿ?" ಎಂದೇ ಕೇಳುತ್ತಿದ್ದರು.

ನಾನು ಮೂಡಲಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಕೆಲಸ ಮುಗಿಸಿ ಬಂದರೆ ಅದು ಬಾಗಿಲಿಗೇ ಬಂದು ನನ್ನ ಸೊಂಟಕ್ಕೆ ತಲೆ ಒತ್ತಿ ಸುಮ್ಮನೆ ನಿಲ್ಲುತ್ತಿತ್ತು. ಹದಿನೈದು ದಿನದಲ್ಲಿ ಅದು ನನ್ನ ನಾಯಿಯೇ ಆಗಿಹೋಯಿತು.

ಮನೆಯೊಳಗೆ ಅಷ್ಟು ಸಾಧು. ಹೊರಗೆ ಬೆಕ್ಕೋ ಆಡೋ ಕಂಡರೆ ಮಾತ್ರ ಹಗ್ಗ ಕೈಯಲ್ಲಿ ಉಳಿಯುತ್ತಿರಲಿಲ್ಲ. ಒಮ್ಮೆ ನನ್ನನ್ನು ಎಳೆದು ಕೆಡವಿತು, ಮೊಣಕಾಲು ತರಚಿತು. ಬಾಜೂ ಮನೆಯ ಅಜ್ಜಿ ಎರಡು ಆಡು ಕಟ್ಟಿದ್ದಳು. "ನನ್ನ ಆಡಿಗಿ ಏನರ ಆತಂದ್ರ ನಾ ಸುಮ್ಮ ಇರಾಂಗಿಲ್ಲ ನೋಡವಾ" ಎಂದು ಹೇಳಿಯೇ ಬಿಟ್ಟಳು.

ಗೋಕಾಕದಲ್ಲಿ ಭಾನುವಾರ ಬೆಳಿಗ್ಗೆ ನಾಯಿಗಳಿಗೆ ಪಾಠ ಹೇಳುವವರೊಬ್ಬರಿದ್ದಾರೆ ಎಂದು ಆಗ ತಿಳಿಯಿತು. ಹುಕ್ಕೇರಿ ಕಡೆಯವರು, ಸೈನ್ಯದಲ್ಲಿ ನಾಯಿಗಳನ್ನು ಪಳಗಿಸಿ ನಿವೃತ್ತರಾದವರು. ಬಸ್ಸಿನಲ್ಲಿ ನಾಯಿಯನ್ನು ಹತ್ತಿಸಿಕೊಳ್ಳಲಿಲ್ಲ. ಪರಿಚಯದವನೊಬ್ಬನ ಟಂಟಂ ಆಟೋದ ಹಿಂದಿನ ಸೀಟಿನಲ್ಲಿ ಅದನ್ನು ತೊಡೆಯ ಮೇಲೆ ಅರ್ಧ ಹೊತ್ತುಕೊಂಡೇ ಹೋದೆ.

ಮೊದಲ ಪಾಠ ಕೂರುವುದು. ಮೈದಾನದಲ್ಲಿದ್ದ ಲ್ಯಾಬ್ರಡಾರ್, ಡಾಬರ್ಮನ್ ಎಲ್ಲವೂ "ಕುಂದರ" ಎಂದೊಡನೆ ಕುಳಿತವು. ನನ್ನದು ನಿಂತೇ ಇತ್ತು. ಬಿಸ್ಕತ್ತು ತೋರಿಸಿದೆ, ಬೆನ್ನು ಒತ್ತಿದೆ. ಕಾಲು ಅರ್ಧ ಮಡಚಿ, ನಡುಗಿ, ಮತ್ತೆ ಎದ್ದು ನಿಂತಿತು. ಮೂರು ಭಾನುವಾರ ಇದೇ ಆಯಿತು. ಮನೆಯಲ್ಲೂ ಅದಕ್ಕೆ ಬೈದೆ. ಸಿಟ್ಟಿನಲ್ಲಿ ಒಂದು ದಿನ ಸಂಜೆಯ ರೊಟ್ಟಿಯನ್ನೂ ಹಾಕಲಿಲ್ಲ.

ನಾಲ್ಕನೆಯ ವಾರ ಗುರುಗಳ ಹತ್ತಿರ ಹೋಗಿ, "ಸರ್, ಇನ್ನ ನಾವು ಬರೂದಿಲ್ರಿ. ಇದರ ತಲಿಯೊಳಗ ಏನೂ ಹೊಗವಲ್ದು" ಎಂದೆ.

ಅವರು ಮೊಣಕಾಲೂರಿ ಕುಳಿತು, ಅದರ ಹಿಂದಿನ ತೊಡೆಯ ಮೇಲೆ ಕೈಯಾಡಿಸಿದರು. "ತಲೀದಲ್ರಿ, ತೊಡೀದು. ಓಡೂ ಜಾತಿ ಇದು. ಹಿಂದ ಎಷ್ಟ ಖಂಡ ಐತಿ ನೋಡ್ರಿ. ಕುಂದ್ರಾಕ ತ್ರಾಸ ಆಕ್ಕೈತಿ ಇದಕ್ಕ. ಇಷ್ಟ ದಿನ ನಾನೂ ಲಕ್ಷ ಕೊಡಲಿಲ್ಲ, ನಂದ ತಪ್ಪು."

ದಿನವೂ ರೋಗಿಗಳ ನೋವು ಕೇಳುವವಳು ನಾನು. ನನ್ನ ನಾಯಿಗೆ ನೋವಾಗುತ್ತಿದೆ ಎಂದು ಹೊಳೆಯಲೇ ಇಲ್ಲವಲ್ಲ ಎಂದು ಮುಖ ಕೆಂಪಾಯಿತು. ಆದರೂ ಎದೆಯ ಮೇಲಿನ ಭಾರ ಇಳಿದಂತಾಯಿತು. ಅದು ಹಟ ಮಾಡಿರಲಿಲ್ಲ, ದಡ್ಡಿಯೂ ಆಗಿರಲಿಲ್ಲ.

ಅಂದಿನಿಂದ ನಮಗೆ ಬೇರೆ ಪಾಠ. ಅಂಗೈ ಎತ್ತಿ "ನಿಂದರ" ಎಂದರೆ ಇದ್ದಲ್ಲೇ ನಿಲ್ಲಬೇಕು. "ಒಂದ ಮಾತ ನೆನಪಿಡ್ರಿ" ಎಂದರು ಗುರುಗಳು. "ತಪ್ಪಿಸ್ಕೊಂಡ್ರ ಹಿಂದ ಓಡಬ್ಯಾಡ್ರಿ. ನೀವು ಓಡಿದ್ರ ಅದಕ್ಕ ಪಂದ್ಯ ಅನಸತೈತಿ." ಎರಡು ತಿಂಗಳು ಇದೊಂದನ್ನೇ ಮಾಡಿದೆವು.

ಕಬ್ಬಿನ ಕಟಾವಿನ ಕಾಲ. ಒಂದು ಬೆಳಿಗ್ಗೆ ತುಕ್ಕಾನಟ್ಟಿ ದಾರಿಯ ಹೊಲದ ಕಡೆ ತಿರುಗಾಡಲು ಹೋಗಿದ್ದೆವು. ತಲೆಯಿಂದ ಜಾರದಂಥ ಅದರ ಅಗಲ ಕುತ್ತಿಗೆಪಟ್ಟಿ ಒಗೆದು ಒಣಗಲು ಹಾಕಿದ್ದರಿಂದ ಸಾದಾ ಪಟ್ಟಿ ಕಟ್ಟಿದ್ದೆ. ಗ್ರೇಹೌಂಡ್ ತಲೆ ಕುತ್ತಿಗೆಗಿಂತ ಸಣ್ಣದು. ಗೋವಿನಜೋಳ ಕೊಯ್ದ ಹೊಲದಲ್ಲಿ ಕುರಿಹಿಂಡು ಕಂಡದ್ದೇ, ತಲೆ ಹಿಂದಕ್ಕೆಳೆದು ಪಟ್ಟಿಯಿಂದ ಜಾರಿ ಹಾರಿತು. ಉಳುಕಿದ ಕಾಲು ಎಂಬುದೇ ಸುಳ್ಳೆನ್ನುವಂತೆ ಓಡಿತು. ಹಿಂಡಿನಾಚೆ ರಸ್ತೆ, ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು.

ನನ್ನ ಕಾಲು ಓಡಲು ಹವಣಿಸಿದವು. ತಡೆದುಕೊಂಡೆ. ಅಂಗೈ ಎತ್ತಿ, ಹೊಟ್ಟೆಯೊಳಗಿಂದ "ನಿಂದರ!" ಎಂದು ಕೂಗಿದೆ.

ನಾಯಿ ವೇಗ ತಗ್ಗಿಸಿ, ದೊಡ್ಡದಾಗಿ ಸುತ್ತು ಹೊಡೆದು, ಕೂಳೆಗಳ ನಡುವೆ ನಿಂತಿತು. ಹಿಂಡು ಅಲ್ಲಿಂದ ನಾಲ್ಕು ಮಾರು ದೂರ. ಕುರಿ ಕಾಯುತ್ತಿದ್ದ ಹೆಂಗಸು ಬಡಿಗೆ ಎತ್ತಿಕೊಂಡು ಬಂದಳು.

"ಹೊಡಿಬ್ಯಾಡ್ರಿ ಯಕ್ಕಾ, ನಿಂತೈತ್ರಿ!" ಎಂದು ಕೂಗುತ್ತಲೇ ನಡೆದೆ. ಓಡದೆ ಅಷ್ಟು ದೂರ ನಡೆಯುವುದು ಎಷ್ಟು ಕಷ್ಟವೆಂದು ಅಂದೇ ಗೊತ್ತಾದದ್ದು. ವೇಲನ್ನು ಅದರ ಕುತ್ತಿಗೆಗೆ ಸುತ್ತಿ ಗಂಟು ಹಾಕಿದ ಮೇಲೆ ನಾನೇ ಬದುವಿನ ಮೇಲೆ ಕುಳಿತೆ.

ಆ ಹೆಂಗಸು ಮರಿಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದಳು. ಯಾವುದಕ್ಕೂ ಹಲ್ಲು ತಾಗಿರಲಿಲ್ಲ. ಬಡಿಗೆ ಕೆಳಗಿಟ್ಟು, ತನ್ನ ಬಾಟಲಿಯ ನೀರು ಕೊಟ್ಟು, "ನಮ್ಮ ಮನಿ ಗಂಡಸರೂ ಇಷ್ಟ ಮಾತ ಕೇಳೂದಿಲ್ಲ ಬಿಡವಾ" ಎಂದು ನಕ್ಕಳು. ನನಗೆ ನಗುವೂ ಅಳುವೂ ಕೂಡಿಯೇ ಬಂದವು.

ಯಜಮಾನರಿಗೆ ಫೋನ್ ಮಾಡಿದೆ. ನನ್ನ ದನಿ ಕೇಳಿ ಅವರು ಗಾಬರಿಯಾಗಿ, "ಏನಾತ? ಏನಾತ ಹೇಳ" ಎಂದರು.

"ಏನೂ ಆಗಿಲ್ರಿ" ಎಂದೆ. "ಖರೇನ, ಏನೂ ಆಗಿಲ್ಲ."