ನೀಲವ್ವಾಯಿ ನನ್ನ ಕಥೆ ಕೇಳಿದ ಮಧ್ಯಾಹ್ನ

ಎರಡು ವರ್ಷದ ಹಿಂದಿನ ಬೇಸಿಗೆ ರಜೆಯ ಮಾತು. ನಾನು ಕುಂದಗೋಳ ತಾಲ್ಲೂಕಿನ ಸಂಶಿಯವಳು, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ಓಣಿಯವರಿಗೆ 'ಅಕ್ಕೋರು'. ಆ ರಜೆಯಲ್ಲಿ ನನ್ನ ಎರಡನೇ ಪುಸ್ತಕ ಬರೆದು ಮುಗಿಸಬೇಕೆಂದು ಹಟ ತೊಟ್ಟಿದ್ದೆ. ಆದರೆ ರಜೆ ಶುರುವಾದ ಮೂರನೇ ದಿನವೇ ಸ್ಕೂಟಿಯಿಂದ ಬಿದ್ದು, ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತೆ.

ಮೊದಲನೇ ಪುಸ್ತಕ ಕಥೆಗಳದ್ದು. ಯಾವ ಪ್ರಕಾಶಕರಿಂದಲೂ ಉತ್ತರ ಬರದಿದ್ದಾಗ ನಾನೇ ಗದಗಿನ ಒಂದು ಪ್ರೆಸ್ಸಿನಲ್ಲಿ ಮುನ್ನೂರು ಪ್ರತಿ ಅಚ್ಚು ಹಾಕಿಸಿದ್ದೆ. ಧಾರವಾಡದ ಕೆಲವು ಬರಹಗಾರರಿಗೆ ಅಂಚೆಯಲ್ಲಿ ಕಳಿಸಿದೆ. ದುಮ್ಮವಾಡ, ಅಣ್ಣಿಗೇರಿಯ ನೆಂಟರಿಗೆ ಕೈಯಾರೆ ಕೊಟ್ಟು ಬಂದೆ. ಅರ್ಧಕ್ಕಿಂತ ಹೆಚ್ಚು ಪುಸ್ತಕಗಳು ಕಪಾಟಿನ ಮೇಲೆ ರಟ್ಟಿನ ಡಬ್ಬಿಗಳಲ್ಲಿ ಹಾಗೇ ಉಳಿದಿದ್ದವು. ಸಿಕ್ಕವರು "ಛಲೋ ಐತ್ರಿ" ಅನ್ನುತ್ತಿದ್ದರು. ಓದಿದ್ದೀರಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಯಾರಿಗೋಸ್ಕರ ಇನ್ನೊಂದು ಪುಸ್ತಕ ಬರೆಯಬೇಕು ಎಂದು ನನಗೇ ಆಗಾಗ ಅನ್ನಿಸುತ್ತಿತ್ತು.

ನಮ್ಮ ಓಣಿಯ ಮನೆಗಳಿಗೂ ಒಂದೊಂದು ಪ್ರತಿ ಕೊಟ್ಟಿದ್ದೆ, ನೀಲವ್ವಾಯಿಯ ಮನೆ ಒಂದನ್ನು ಬಿಟ್ಟು.

ನೀಲವ್ವಾಯಿಗೆ ಅರವತ್ತೈದರ ಮೇಲಾಗಿದೆ. ನಮ್ಮ ಎದುರು ಮನೆ. ಮಗಳು ಅಣ್ಣಿಗೇರಿಯಲ್ಲಿ ನರ್ಸ್. ಗಂಡ ಬಹಳ ವರ್ಷಗಳ ಹಿಂದೆ ಗೋವಾಕ್ಕೆ ದುಡಿಯಲು ಹೋದವನು ತಿರುಗಿ ಬರಲಿಲ್ಲ, ಆಕೆ ಅವನ ದಾರಿ ಕಾಯುತ್ತಲೇ ಉಳಿದಳು ಎಂದು ನಮ್ಮ ಅತ್ತೆ ಹೇಳಿದ್ದರು. ನನ್ನ ಪುಸ್ತಕದಲ್ಲಿ ಗಂಗವ್ವ ಎಂಬ ಹೆಂಗಸಿನ ಕಥೆ ಇತ್ತು. ಅವಳೂ ಗೋವಾಕ್ಕೆ ಹೋದ ಗಂಡನಿಗಾಗಿ ಬಾಗಿಲು ತೆರೆದಿಟ್ಟು ಕಾಯುತ್ತಾಳೆ. ಕೊನೆಗೆ ಹೊಸ್ತಿಲ ಮೇಲೆಯೇ ಪ್ರಾಣ ಬಿಡುತ್ತಾಳೆ. ಆ ಕಥೆಯ ತಲೆಗೆ ತೆರೆದ ಬಾಗಿಲಿನ ಒಂದು ಚಿತ್ರವಿತ್ತು. ಹೆಸರು ಬದಲಿಸಿದ್ದೆ, ಅಷ್ಟೆ. ನಿಜ ಹೇಳಬೇಕೆಂದರೆ, ನೀಲವ್ವಾಯಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆಯೇ ಆ ಕಥೆ ಬರೆದಿದ್ದೆ.

ಆ ದಿನ ನೀಲವ್ವಾಯಿಯ ಪಡಸಾಲೆಯಲ್ಲಿ ಶಾವಿಗೆ ಮಾಡುವುದಿತ್ತು. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಒಂದೊಂದು ದಿನ ಒಂದೊಂದು ಮನೆಯವರದು ಮಾಡಿ ಮುಗಿಸುತ್ತೇವೆ. ಹೊರಸು ಮಂಚಕ್ಕೆ ಶಾವಿಗೆ ಮಷಿನ್ ಬಿಗಿದಿದ್ದರು. ಪಕ್ಕದ ಮನೆಯ ರತ್ನಕ್ಕ ಹಿಡಿಕೆ ತಿರುಗಿಸುತ್ತಿದ್ದಳು. ನೀಲವ್ವಾಯಿ ಕೆಳಗಿಳಿಯುವ ಎಳೆಗಳನ್ನು ಹಿಡಿದು ಕೋಲಿನ ಮೇಲೆ ಹಾಕುತ್ತಿದ್ದರು. ಇನ್ನಿಬ್ಬರು ಹಿಟ್ಟು ನಾದುತ್ತಿದ್ದರು. ಕರೆಂಟ್ ಇರಲಿಲ್ಲ. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಎಲ್ಲರೂ ಕೆಲಸದಲ್ಲಿದ್ದರೆ ನಾನೊಬ್ಬಳು ಗೋಡೆಗೆ ಒರಗಿ ಸುಮ್ಮನೆ ಕೂತಿದ್ದೆ.

"ಅಕ್ಕೋರ, ಕೈಗೆ ಪ್ಲಾಸ್ಟರ್ ಹಾಕ್ಯಾರ, ಬಾಯಿಗೇನ ಹಾಕಿಲ್ಲಲ್ಲ. ನಿಮ್ಮ ಪುಸ್ತಕಾನರ ಓದ್ರಿ, ಕೇಳ್ತೀವಿ" ಅಂದಳು ರತ್ನಕ್ಕ.

ಎಲ್ಲರೂ ನಕ್ಕರು. ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಪುಸ್ತಕ ಓದಿ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮನೆಗೆ ಹೋಗಿ ಒಂದು ಪ್ರತಿ ತಂದೆ. ಎಮ್ಮೆ ಕಳೆದುಹೋಗಿ ಊರೆಲ್ಲ ಹುಡುಕುವ ಒಂದು ನಗೆಯ ಕಥೆ ಇದೆ, ಅದನ್ನು ತೆಗೆದೆ. ಅಷ್ಟರಲ್ಲಿ ನೀಲವ್ವಾಯಿ ಎಳೆಗಳ ಮೇಲಿನ ಕಣ್ಣು ತೆಗೆಯದೆಯೇ ಹೇಳಿದರು:

"ಬಾಗಲದ ಚಿತ್ರ ಇರೂ ಕಥಿ ಒಂದ ಐತಂತಲ್ರಿ. ಅದನ್ನ ಓದ್ರಿ."

"ಅದು ಭಾಳ ದುಃಖದ್ದು ಐತ್ರಿ ಆಯಿ. ನಗೂದು ಓದ್ತೀನಿ" ಅಂದೆ.

"ಇರಲಿ. ಅದನ್ನ ಓದ್ರಿ."

ಬೇರೆ ದಾರಿ ಇರಲಿಲ್ಲ. ಓದಲು ಶುರು ಮಾಡಿದೆ. ಒಂದು ಪುಟ ಮುಗಿಯುವಷ್ಟರಲ್ಲಿ ರತ್ನಕ್ಕ ನನ್ನ ಮುಖ ನೋಡಿದಳು, ಆಮೇಲೆ ನೀಲವ್ವಾಯಿಯ ಮುಖ ನೋಡಿದಳು. ಮುಂದೆ ಗಂಗವ್ವ ಗಂಡನ ಹಳೆಯ ಅಂಗಿಯನ್ನು ಅಪ್ಪಿಕೊಂಡು ಅಳುವ ಭಾಗ ಬರುತ್ತಿತ್ತು. ಬರೆದಾಗ ನನಗೆ ಬಹಳ ಇಷ್ಟವಾಗಿದ್ದ ಭಾಗ. ನಾನು ಅದನ್ನು ಹಾರಿಸಿ ಮುಂದಿನ ಸಾಲಿಗೆ ಹೋದೆ.

"ಅಕ್ಕೋರ, ನಡುವ ಒಂದಷ್ಟು ಬಿಟ್ರಿ" ಅಂದರು ನೀಲವ್ವಾಯಿ.

"ಏನ್ರಿ ಆಯಿ?"

"ಆಕಿ ಅಂಗಿ ಅಪ್ಪಿಕೊಂಡು ಅಳತಾಳಲ್ರಿ, ಅದು. ಬಿಡಬ್ಯಾಡ್ರಿ. ಎಲ್ಲಾ ಓದ್ರಿ."

ಆಗ ನನಗೆ ಗೊತ್ತಾಯಿತು, ಅವರು ಈ ಕಥೆಯನ್ನು ಮೊದಲೇ ಕೇಳಿದ್ದಾರೆ ಎಂದು. ಬಿಟ್ಟ ಭಾಗಕ್ಕೆ ಹಿಂದಿರುಗಿ ಓದಿದೆ. ಗಂಗವ್ವ ಹೊಸ್ತಿಲ ಮೇಲೆ ಸಾಯುವವರೆಗೆ ಓದಿ ಪುಸ್ತಕ ಮುಚ್ಚಿದೆ.

"ಮುಗೀತೇನ್ರಿ?"

"ಮುಗೀತ್ರಿ."

ನೀಲವ್ವಾಯಿ ಕೈಯಲ್ಲಿದ್ದ ಕೋಲನ್ನು ಹಗ್ಗಕ್ಕೆ ಸಿಕ್ಕಿಸಿ ಬಂದು ನನ್ನ ಎದುರಿಗೆ ಕೂತರು. "ರಜಾಕ್ಕ ಬಂದಿದ್ದ ಮೊಮ್ಮಗಳು ಕವಿತಾ ರತ್ನಾನ ಮನ್ಯಾಗಿಂದ ಪುಸ್ತಕ ತಂದು ಹೋದ ವಾರ ಓದಿ ಹೇಳಿದ್ಲು. ನಿಮ್ಮ ಬಾಯಿಲೆ ಒಮ್ಮಿ ಕೇಳಬೇಕು ಅನ್ನಿಸಿತ್ತು" ಅಂದರು.

ರತ್ನಕ್ಕ ನಡುವೆ ಬಂದಳು. "ಹೋಗ್ಲಿ ಬಿಡಬೇ ಆಯಿ. ಕಥಿ ಅಂದಮ್ಯಾಲೆ ಅದು ಕಥೀನ."

"ಹೆಸರೊಂದ ಬ್ಯಾರೆ ಐತಿ ನೋಡು. ಉಳದದ್ದೆಲ್ಲಾ ನಂದ. ಆದ್ರ ಒಂದೂ ಖರೆ ಇಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅಕ್ಕೋರ, ನಿಮ್ಮ ಬಾಗಲಕ್ಕೂ ನನ್ನ ಬಾಗಲಕ್ಕೂ ಹತ್ತ ಹೆಜ್ಜಿ ಅಂತರ. ಒಂದ ಸಲ ಬಂದು ಕೇಳಿದ್ರ ನಾ ಹೇಳ್ತಿದ್ದಿಲ್ಲೇನ್ರಿ?"

"ತಪ್ಪಾತ್ರಿ ಆಯಿ" ಅಂದೆ. ಎದ್ದು ಮನೆಗೆ ಬಂದೆ.

ಎರಡು ದಿನ ಹೊರಗೆ ಕಾಲಿಡಲಿಲ್ಲ. ಮನೆಯವರು ಕೇಳಿದರೆ ಕೈ ನೋವು ಅಂದೆ. ಡಬ್ಬಿಗಳಲ್ಲಿದ್ದ ಅಷ್ಟೂ ಪುಸ್ತಕಗಳನ್ನು ಸುಟ್ಟುಬಿಡಲೇ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಹತ್ತು ವರ್ಷ ದಿನಾ ಮಾತಾಡಿಸಿದ ಒಬ್ಬ ಹೆಂಗಸನ್ನು ನಾನು ಒಮ್ಮೆಯೂ ಏನನ್ನೂ ಕೇಳಿರಲಿಲ್ಲವಲ್ಲ ಎಂಬುದು ಚುಚ್ಚುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ನೀಲವ್ವಾಯಿಯೇ ಬಂದರು. ಕೈಯಲ್ಲಿ ಒಂದು ಡಬ್ಬಿ ಇತ್ತು.

"ನಿಮಗ ಈ ವರ್ಷ ಶಾವಗಿ ಮಾಡಾಕ ಆಗಂಗಿಲ್ಲ. ತಗೋರಿ." ಡಬ್ಬಿ ಇಟ್ಟು ಚಾಪೆಯ ಮೇಲೆ ಕೂತರು. ನಾನು ನಿಂತೇ ಇದ್ದೆ. "ಕೂಡ ಯವ್ವಾ. ಹೆಂಗೂ ನಿನಗ ಬರಕೊಳ್ಳಾಕ ಬರಂಗಿಲ್ಲ. ಸುಮ್ಮ ಕೇಳು" ಅಂದರು. ಅವರು ನನಗೆ 'ನೀನು' ಅಂದದ್ದು ಅದೇ ಮೊದಲು.

ಅವರು ಹೇಳಿದ್ದು ಇಷ್ಟು. ಗಂಡ ಹೋದಾಗ ಮಗಳಿಗೆ ಎರಡು ವರ್ಷ. ಮೊದಮೊದಲು ಕಾಗದ ಬರುತ್ತಿದ್ದವು, ಆಮೇಲೆ ನಿಂತವು. "ಸುಳ್ಳ ಹೇಳಂಗಿಲ್ಲ, ಆರ ತಿಂಗಳ ಕಾದೆ. ಆಮ್ಯಾಲೆ ರೊಟ್ಟಿ ಬಡಿಯಾಕ ಕುಂತೆ." ಬೆಳಗಿನ ಬಸ್ಸಿಗೆ ಹುಬ್ಬಳ್ಳಿಯ ಖಾನಾವಳಿಗೆ ರೊಟ್ಟಿ ಕಳಿಸುತ್ತಿದ್ದರಂತೆ, ಹಗಲು ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರಂತೆ. ನಾಲ್ಕು ವರ್ಷವಾದ ಮೇಲೆ ಒಂದು ದಿನ ಗಂಡ ಬಂದು ಅಂಗಳದಲ್ಲಿ ನಿಂತ. ಅಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದೇನೆ, ನೀನೂ ಬಂದುಬಿಡು ಅಂದ.

"ನೀವೇನಂದ್ರಿ?"

"ಊಟಕ್ಕ ಹಾಕಿದೆ. ಉಂಡ, ಕೈ ತೊಳಕೊಂಡ. ಆಮ್ಯಾಲೆ ಬಾಗಲದಾಗ ನಿಂತು ಒಂದ ಮಾತ ಹೇಳಿದೆ. ಹೋದ. ಮತ್ತ ಈ ಊರಿಗೆ ಬರಲಿಲ್ಲ. ಬಾಗಲಾ ಹಾಕಿದಾಕಿ ನಾನು, ಯವ್ವಾ. ನೀ ಪುಸ್ತಕದಾಗ ಸಾಯೂತನಕಾ ತಗದ ಇಟ್ಟಿ."

ನನಗೆ ಅಳು ಬಂತು. ಅವರಿಗೆ ಅದು ಹಿಡಿಸಲಿಲ್ಲ. "ಅಳಬ್ಯಾಡ. ಆವತ್ತ ನಾನ ಅತ್ತಿಲ್ಲ" ಅಂದರು.

"ಉಳದ ಪುಸ್ತಕ ಎಲ್ಲಾ ಸುಟ್ಟಬಿಡ್ತೀನ್ರಿ ಆಯಿ."

"ಸುಡೂದ್ಯಾಕ? ಆ ಎಮ್ಮಿ ಕಥಿ ಅಗದಿ ಛಲೋ ಐತಿ, ಕವಿತಾ ನಕ್ಕೋತನ ಓದಿದ್ಲು. ನಂದೊಂದು ಸರಿ ಮಾಡು. ನಾ ಇನ್ನೂ ಸತ್ತಿಲ್ಲ."

ಆ ಬೇಸಿಗೆ ಪೂರ್ತಿ ಮಧ್ಯಾಹ್ನಗಳನ್ನು ನಾನು ಅವರ ಪಡಸಾಲೆಯಲ್ಲಿ ಕಳೆದೆ. ಎಡಗೈಯಿಂದ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೆ. ದಿನಕ್ಕೆ ಅರ್ಧ ಪುಟ ಆದರೆ ಹೆಚ್ಚು. ಆದಷ್ಟನ್ನು ಅವರಿಗೆ ಓದಿ ಹೇಳುತ್ತಿದ್ದೆ. ಅವರಂಥ ಕಟ್ಟುನಿಟ್ಟಿನ ಓದುಗರನ್ನು ನಾನು ಕಂಡಿಲ್ಲ. ಒಂದೇ ಪುಟದಲ್ಲಿ 'ಪಾಪ' ಎಂದು ನಾಲ್ಕು ಸಲ ಬರೆದಿದ್ದೆನಂತೆ. "ಅದನ್ನ ತಗಿ. ಯಾರ ಪಾಪ? ಏನ ಪಾಪ?" ಅಂದರು. ಗಂಡನನ್ನು ನಾನು ಕಡುಕೆಟ್ಟವನಾಗಿ ಬರೆದಿದ್ದೆ. ಅದಕ್ಕೂ ಒಪ್ಪಲಿಲ್ಲ. "ಅಷ್ಟ ಕೆಟ್ಟಾಂವ ಇದ್ದಿದ್ದಿಲ್ಲ. ಧೈರ್ಯ ಇಲ್ಲದಾಂವ" ಅಂದರು. ಅಷ್ಟು ಬದಲಿಸಿದ ಮೇಲೆ ಅವನು ಮನುಷ್ಯನಂತೆ ಕಾಣತೊಡಗಿದ. ಎರಡನೇ ಪುಸ್ತಕದ ನೆನಪು ನನಗೆ ರಜೆ ಮುಗಿಯುವವರೆಗೂ ಬರಲಿಲ್ಲ.

ಶಾಲೆ ಶುರುವಾದ ಮೇಲೆ ಹೊಸ ಕಥೆಯನ್ನು ಎಂಟು ಪುಟದ ಸಣ್ಣ ಹೊತ್ತಿಗೆಯಾಗಿ ಅಚ್ಚು ಹಾಕಿಸಿದೆ. ಉಳಿದ ಪ್ರತಿಗಳಲ್ಲೆಲ್ಲ ಹಳೆಯ ಕಥೆಯ ಹಾಳೆ ಕಿತ್ತು ಇದನ್ನು ಅಂಟಿಸಿದೆ. ಪುಸ್ತಕ ಕೊಟ್ಟವರ ಮನೆಗಳಿಗೆ ರವಿವಾರಕ್ಕೊಮ್ಮೆ ಹೋಗಿ ಹೊತ್ತಿಗೆ ಕೊಟ್ಟು, ನಡೆದದ್ದನ್ನು ಹೇಳಿ ಬಂದೆ. ನಾಚಿಕೆಯಾಗುತ್ತಿತ್ತು, ಆದರೂ ಹೇಳಿದೆ. ದುಮ್ಮವಾಡದ ನಮ್ಮ ಚಿಗವ್ವ ಓದಿ, "ಮೊದಲಿನದ ಛಲೋ ಇತ್ತವಾ, ಅತ್ತಿದ್ದೆ. ಇದರಾಗ ಅಳೂದ ಇಲ್ಲ" ಅಂದಳು. ನೀಲವ್ವಾಯಿಗೆ ಅದನ್ನು ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ಈ ಅನುಭವವನ್ನು ಬರೆಯಲು ಒಪ್ಪಿಗೆ ಕೊಟ್ಟವರೂ ಅವರೇ. ಹೆಸರು ಮಾತ್ರ ಈಗಲೂ ಬೇರೆ. ಆ ಹೆಸರನ್ನು ಈ ಸಲ ಅವರೇ ಆರಿಸಿದ್ದಾರೆ.

ಈಗ ಯಾರ ಬಗ್ಗೆ ಬರೆದರೂ ಮೊದಲು ಅವರ ಎದುರು ಕೂತು ಓದಬಲ್ಲೆನೇ ಎಂದು ಕೇಳಿಕೊಳ್ಳುತ್ತೇನೆ. ಅದರಿಂದ ನಾನು ಬರೆಯುವುದು ಕಡಿಮೆಯಾಗಿದೆ. ಯಾರಿಗೋಸ್ಕರ ಬರೆಯಬೇಕು ಎಂಬ ಪ್ರಶ್ನೆ ಮಾತ್ರ ಮತ್ತೆ ಕಾಡಿಲ್ಲ.

ಒಂದು ಮಾತು ಉಳಿಯಿತು. ಅವತ್ತು ಬಾಗಿಲಲ್ಲಿ ನಿಂತು ಗಂಡನಿಗೆ ಏನು ಹೇಳಿದರು ಎಂದು ನಾನು ಕೇಳಿದ್ದೆ. ನೀಲವ್ವಾಯಿ ಹೇಳಿದರು. ಹೇಳಿ, "ಅದನ್ನ ಮಾತ್ರ ಬರೀಬ್ಯಾಡ. ಅದು ಅವಗ ಹೇಳಿದ್ದು" ಅಂದರು. ಆರೇ ಶಬ್ದಗಳ ಮಾತು ಅದು. ಅಷ್ಟು ನೇರವಾದ ಒಂದು ವಾಕ್ಯವನ್ನು ನನ್ನಿಂದ ಇವತ್ತಿನವರೆಗೂ ಬರೆಯಲು ಆಗಿಲ್ಲ. ಹೊಸ ಕಥೆ ಓದಿದವರೆಲ್ಲ, ಅವಳು ಏನಂದಳು ಎಂದು ಕೇಳುತ್ತಾರೆ. ನಾನು ಹೇಳುವುದಿಲ್ಲ.