ಗಡಿ ದಾಟದ ಪೆಟ್ಟಿಗೆಗಳು

ಕಳೆದ ವಾರ ನೈರೋಬಿಯ ಎಂಬಕಸಿಯಲ್ಲಿರುವ ನಮ್ಮ ಔಷಧ ಗೋಡೌನಿನಲ್ಲಿ ಟಿಂಕ್ಚರ್ ಬಾಟಲಿಯೊಂದು ಒಡೆಯಿತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ರೈಲ್ವೆ ಅಜ್ಜ ನೆನಪಾದರು...

ಇಪ್ಪತ್ತೈದು ವರ್ಷದ ಹಿಂದೆ, ಔಷಧ ಕಂಪನಿಯ ಕೆಲಸಕ್ಕೆಂದು ಮೈಸೂರಿನಿಂದ ನೈರೋಬಿಗೆ ಬಂದಾಗ, ನ್ಗಾರಾ ಬಡಾವಣೆಯಲ್ಲಿ ಅವರು ನನ್ನ ಪಕ್ಕದ ಮನೆಯವರು. ಮಂಗಳೂರು ಕಡೆಯಿಂದ ಹಡಗು ಹತ್ತಿ ಬಂದು ಇಲ್ಲಿನ ರೈಲ್ವೆಯಲ್ಲಿ ಗೂಡ್ಸ್ ಗುಮಾಸ್ತರಾಗಿದ್ದವರು. ವಯಸ್ಸು ತೊಂಬತ್ತರ ಹತ್ತಿರ, ಮಗಳ ಜೊತೆಗಿದ್ದರು.

ಒಂದು ಭಾನುವಾರ ಹಳೆಯ ಕತೆ ಹೇಳಿದರು. ಇಟಲಿಯವರು ಅಬಿಸೀನಿಯಾದ, ಅಂದರೆ ಈಗಿನ ಇಥಿಯೋಪಿಯಾದ, ಮೇಲೆ ಬಿದ್ದಿದ್ದ ಕಾಲ. ಆ ಯುದ್ಧದಲ್ಲಿ ತಮ್ಮದು ಯಾರ ಪಕ್ಷವೂ ಅಲ್ಲ ಎಂದಿದ್ದರು ಇಲ್ಲಿನ ಬ್ರಿಟಿಷರು. ಯುದ್ಧದ ಸರಕು ಯಾವುದೂ ರೈಲು ಹತ್ತಕೂಡದೆಂದು ಆರ್ಡರ್ ಬಂದಿತ್ತು. ಅದೇ ವಾರ ನ್ಗಾರಾದ ಅಂಗಡಿಯವರು ಸೇರಿ, ಅಬಿಸೀನಿಯಾದ ಗಾಯಾಳುಗಳಿಗೆಂದು ಬ್ಯಾಂಡೇಜು, ಟಿಂಕ್ಚರ್ ತುಂಬಿದ ಆರು ಪೆಟ್ಟಿಗೆ ಸ್ಟೇಷನ್ನಿಗೆ ತಂದರು. ಅಜ್ಜ ತಡೆಹಿಡಿದರು.

"ಬ್ಯಾಂಡೇಜು ಯುದ್ಧದ ಸಾಮಾನಾ ಮಾರಾಯರೇ? ಆರ್ಡರಿನಲ್ಲಿ ಔಷಧಿಯ ಸುದ್ದಿಯೇ ಇರ್ಲಿಲ್ಲ. ಸ್ಟೇಷನ್ನಿನ ಬಿಳಿ ದೊರೆಯನ್ನು ಒಂದು ಮಾತು ಕೇಳ್ಬಹುದಿತ್ತು. ಕೆಲಸ ಹೋದ್ರೆ ಅಂತ ಹೆದರಿ ಕೇಳ್ಲಿಲ್ಲ. ಯುದ್ಧ ಮುಗೀತು, ಪೆಟ್ಟಿಗೆ ಅಲ್ಲೇ ಉಳೀತು."

ಆಮೇಲೆ ಕೇಳಿದರು: "ನಿಮ್ಮ ಮಾಲು ಇಥಿಯೋಪಿಯಾದ ಅಡಿಸ್ ಅಬಾಬಾಕ್ಕೆ ಹೋಗ್ತದಲ್ಲ? ಅಲ್ಲಿಯ ಯಾವುದಾದ್ರೂ ಆಸ್ಪತ್ರೆಗೆ ಒಂದು ಪೆಟ್ಟಿಗೆ ಬ್ಯಾಂಡೇಜು ಕಳಿಸ್ತೀರಾ? ನನ್ನ ಹೆಸರು ಬೇಡ."

"ಆಯ್ತು ಅಜ್ಜ" ಎಂದೆ. ಅದಕ್ಕೆ ಮ್ಯಾನೇಜರ ಸಹಿ ಬೇಕಿತ್ತು. ಹೊಸ ಕೆಲಸ, ಕೇಳಲು ಸಂಕೋಚ. ನಾಳೆ, ನಾಡಿದ್ದು ಎಂದು ತಳ್ಳುತ್ತ ಹೋದೆ. ಮೆಟ್ಟಿಲಲ್ಲಿ ಎದುರಾದಾಗ ಅವರು ಏನೂ ಕೇಳುತ್ತಿರಲಿಲ್ಲ. ಬರೀ ಮುಖ ನೋಡುತ್ತಿದ್ದರು...

ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಅದೇ ನೋಟ. ತಾಳಲಾರದೆ, "ಕಳಿಸಿದೆ ಅಜ್ಜ, ಹೋಗಿ ಮುಟ್ಟಿತು" ಎಂದುಬಿಟ್ಟೆ. ಎರಡೂ ಕೈ ಜೋಡಿಸಿದರು.

ನಾಲ್ಕನೇ ದಿನ ತೀರಿಕೊಂಡರು. "ನಿಮ್ಮಿಂದ ಅಪ್ಪನಿಗೆ ಎಷ್ಟು ರಿಲೀಫ್ ಆಯ್ತು ಗೊತ್ತುಂಟಾ?" ಎಂದು ಮಗಳು ಕಣ್ಣೊರೆಸಿಕೊಂಡರು.

ಮರುವಾರ ಮ್ಯಾನೇಜರನ್ನು ಕೇಳಿದೆ. ಕಾಗದ ಪೂರ್ತಿ ಓದದೆಯೇ ಸಹಿ ಹಾಕಿದರು. ಅಷ್ಟೇ ಇದ್ದದ್ದು ಕೆಲಸ. ಅಂದಿನಿಂದ ವರ್ಷಕ್ಕೊಂದು ಪೆಟ್ಟಿಗೆ ಅಡಿಸ್‌ಗೆ ಹೋಗುತ್ತಿದೆ. ಆದರೆ ಅಜ್ಜ ಕೈ ಮುಗಿದದ್ದು ಹೋಗದೇ ಇದ್ದ ಪೆಟ್ಟಿಗೆಗೆ. ಅವರ ಮಗಳಿಗೆ ಇವತ್ತಿಗೂ ಇದನ್ನು ಹೇಳಿಲ್ಲ. ಸಿಕ್ಕಾಗಲೆಲ್ಲ ಅವರು ಒಳಗೆ ಕರೆದು ಚಹಾ ಕೊಡುತ್ತಾರೆ. ಕುಡಿದು ಬರುತ್ತೇನೆ.