ಮುದುಕಿಯ ಕೈ ಬರೆದವಳು

ಕೈಯಲ್ಲಿ ಚಿತ್ರ ಬರೆದು ಮಾಡಿದ ಆ ಬಣ್ಣದ ಗೊಂಬೆ ಸಿನಿಮಾದಲ್ಲಿ ಮಾಟಗಾತಿ ಮುದುಕಿ ನಡುಗುವ ಕೈ ಚಾಚಿದಾಗ ಮಕ್ಕಳೆಲ್ಲ ಅಮ್ಮಂದಿರ ಮಡಿಲಲ್ಲಿ ಮುಖ ಮುಚ್ಚಿಕೊಂಡವಲ್ಲ, ಆ ಕೈ ನಮ್ಮ ವೆಲ್ಡಾ ಬರೆದದ್ದು. ಪರದೆಯ ಮೇಲೆ ಬಂದ ಹೆಸರುಗಳೆಲ್ಲ ಗಂಡಸರವು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಲಾಸ್ ಏಂಜಲೀಸ್‌ನ ಆ ಸ್ಟುಡಿಯೋದಲ್ಲಿ ಹೆಂಗಸರದೇ ಒಂದು ಕಟ್ಟಡ. ಗಂಡಸರು ಪೆನ್ಸಿಲ್‌ನಲ್ಲಿ ಚಿತ್ರ ಬರೆದು ಕಳಿಸುವರು, ನಾವು ಅದರ ಮೇಲೆ ಪಾರದರ್ಶಕ ಹಾಳೆಯಿಟ್ಟು ಶಾಯಿಯಲ್ಲಿ ಗೆರೆ ಎಳೆಯಬೇಕು. ಗೆರೆ ಕೂದಲೆಳೆಯಷ್ಟು ಅಲುಗಿದರೂ ಪರದೆಯ ಮೇಲೆ ಗೊಂಬೆಯ ಮುಖ ಕುದಿಯುವ ಹಾಲಿನಂತೆ ಕಾಣುತ್ತದೆ. ಅದಕ್ಕೇ ನಾವು ಕೆಲಸಕ್ಕೆ ಮುಂಚೆ ಕಾಫಿ ಮುಟ್ಟುತ್ತಿರಲಿಲ್ಲ, ಭಾರದ ಚೀಲ ಎತ್ತುತ್ತಿರಲಿಲ್ಲ, ಗೆರೆ ಎಳೆಯುವಾಗ ಉಸಿರು ಬಿಡುತ್ತಿರಲಿಲ್ಲ. ಮೇಲ್ವಿಚಾರಕಿ ಹ್ಯಾಸ್ಕೆಲ್ ಮೇಡಂ ಕಣ್ಣಿಗೆ ಬಿದ್ದರೆ ಕೈ ನಡುಗಿದವಳಿಗೆ ಕೆಲಸವಿಲ್ಲ. ಗೇಟಿನ ಹೊರಗೆ ಕೆಲಸ ಕೇಳಿಕೊಂಡು ನಿಂತ ಹುಡುಗಿಯರಿಗೇನು ಬರವೇ?

ವೆಲ್ಡಾಳ ಗಂಡ ಓರಿನ್ ಕಿತ್ತಳೆ ತೋಟದಲ್ಲಿ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಆ ಮನೆಯ ಒಲೆ ಉರಿಯುತ್ತಿದ್ದದ್ದು ಇವಳೊಬ್ಬಳ ದುಡಿಮೆಯಿಂದ.

ಒಂದು ಬೆಳಿಗ್ಗೆ ನೋಡುತ್ತೇನೆ, ಪಕ್ಕದ ಮೇಜಿನಲ್ಲಿ ಅವಳ ಲೇಖನಿ ಗಡಗಡ ಅನ್ನುತ್ತಿದೆ.

"ಏನೇ, ಕಾಫಿ ಕುಡಿದ್ಯಾ?"

"ಮೆಲ್ಲಗೆ ಮಾತಾಡೇ ಹೆಸ್ಟರ್! ಕುಡಿದಿದ್ರೆ ಎಷ್ಟೋ ಚೆನ್ನಾಗಿತ್ತು. ಈ ನಡುಕ ನಿಲ್ಲೋದಲ್ಲ, ಇನ್ನೂ ಜಾಸ್ತಿ ಆಗುತ್ತೆ ಅಂದ್ರು ಡಾಕ್ಟರು."



ಅಂದಿನಿಂದ ಅವಳು ಮುದುಕಿಯ ಹಾಳೆಗಳನ್ನೇ ಕೇಳಿ ಪಡೆದಳು. ಉಳಿದವರು ರಾಜಕುಮಾರಿಗಾಗಿ ಕಿತ್ತಾಡುತ್ತಿದ್ದರು, ಆ ಸುಕ್ಕುಮುಖ ಯಾರಿಗೆ ಬೇಕಿತ್ತು? "ನಿಮ್ಮತ್ತೇನ ನೆನೆಸ್ಕೊಂಡು ಬರೀತೀಯೇನೇ?" ಎಂದು ಎಲ್ಲರೂ ಕಿಚಾಯಿಸಿದರು. ವೆಲ್ಡಾ ನಕ್ಕು ಮುಂದಿನ ಹಾಳೆ ಎತ್ತಿಕೊಳ್ಳುವಳು. ನಡುಗುವ ಮುದುಕಿಯಲ್ಲಿ ನಡುಗುವ ಗೆರೆಯನ್ನು ಯಾರು ಗುರುತಿಸುತ್ತಾರೆ!

ಆದರೆ ನಿರ್ದೇಶಕರು ಗುರುತಿಸಿಬಿಟ್ಟರು. "ಆ ಕೈ ನೋಡ್ರೀ! ಜೀವ ಇದೆ ಅದ್ರಲ್ಲಿ!" ಎಂದು ಕುಣಿದಾಡಿದರು. ಮುದುಕಿ ಬಾವಿಯ ನೀರು ಕುಡಿದು, ಹಾಡುತ್ತ ಹಾಡುತ್ತಲೇ ಹರೆಯದ ಹುಡುಗಿಯಾಗುವ ದೃಶ್ಯವೊಂದಿತ್ತು. ನಡುಗುವ ಕೈ ನಿಧಾನವಾಗಿ ನಿಲ್ಲಬೇಕು. ಅದಷ್ಟನ್ನೂ ವೆಲ್ಡಾ ಒಬ್ಬಳೇ ಬರೆಯಬೇಕೆಂದು ಅಪ್ಪಣೆಯಾಯಿತು.

ಕೈತೊಳೆಯುವ ಕೋಣೆಯಲ್ಲಿ ಅವಳು ಗೋಡೆಗೊರಗಿ ಕುಸಿದಳು. "ನಿಲ್ಲೋ ಕೈ ಎಲ್ಲಿಂದ ತರ್ಲಿ ಹೆಸ್ಟರ್? ಓರಿನ್‌ನ ಉಪವಾಸ ಕೆಡವಲಾ?"

"ಥೂ, ಏಳೇ ಮೇಲೆ! ಮುದುಕೀನ ನೀನು ಬರಿ, ಹುಡುಗೀನ ನಾನು ಬರೀತೀನಿ."

"ಗೊತ್ತಾದ್ರೆ ನಿನ್ನನ್ನೂ ಹೊರಗೆ ಹಾಕ್ತಾರೆ ಕಣೇ."

"ಹಾಕ್ಲಿ. ಆ ಹ್ಯಾಸ್ಕೆಲ್ ಮೇಡಂ ಮುಖ ನೋಡಿ ನೋಡಿ ನಂಗೂ ಸಾಕಾಗಿದೆ."

ಎಲ್ಲರೂ ಊಟಕ್ಕೆ ಹೋದಾಗ ಕೂತು ಬರೆದೆ. ಯಾರು ಬರೆದದ್ದೆಂದು ತಿಳಿಯಲು ಹಾಳೆಯ ಮೂಲೆಯಲ್ಲಿ ಹಾಕುವ ನನ್ನ ಗುರುತಿನ ಬದಲು ಅವಳದನ್ನು ಹಾಕಿದೆ. ದೃಶ್ಯ ಪಾಸಾಯಿತು. ಸದ್ಯ, ಬದುಕಿದೆವು ಅಂದುಕೊಂಡೆವು.

ಅದೇ ವಾರ ಹ್ಯಾಸ್ಕೆಲ್ ಮೇಡಂ ಹೊಸ ಹುಡುಗಿಯರನ್ನು ಕರೆದುಕೊಂಡು ನಗುನಗುತ್ತಲೇ ಬಂದರು. "ವೆಲ್ಡಾ, ಇವರಿಗೆ ಸ್ವಲ್ಪ ಬರೆದು ತೋರ್ಸಮ್ಮ. ಮೊದಲು ನಡುಗೋ ಕೈ, ಆಮೇಲೆ ನಿಂತ ಕೈ."

ನಡುಗುವ ಕೈ ಬಂತು. ಹುಡುಗಿಯರು ಅಬ್ಬಾ ಎಂದರು.

"ಈಗ ನಿಲ್ಸು."

ವೆಲ್ಡಾ ಉಸಿರು ಬಿಗಿ ಹಿಡಿದಳು. ನಾನೂ ಹಿಡಿದೆ. ಲೇಖನಿ ಕುಣಿಯಿತು, ಶಾಯಿ ತೊಟ್ಟಿಕ್ಕಿತು.

"ಸಾಕಮ್ಮ ತಮಾಷೆ, ನಿಲ್ಸು," ಎಂದು ಮೇಡಂ ನಕ್ಕರು.

ಅವಳು ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದಳು. ಎರಡೂ ನಡುಗಿದವು. ಮೇಡಂ ಮುಖದ ನಗು ಮಾಯವಾಯಿತು.

"ಹಾಗಾದ್ರೆ ಆ ಹುಡುಗೀನ ಬರೆದಿದ್ದು ಯಾರು?"

ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ವೆಲ್ಡಾ ನನ್ನತ್ತ ತಿರುಗಿಯೂ ನೋಡಲಿಲ್ಲ.

"ನಾನೇ ಮೇಡಂ. ಅವತ್ತು ನಿಂತಿತ್ತು. ಇನ್ನು ನಿಲ್ಲಲ್ಲ."

ಹಾಳೆ ಕೊಳೆಯಾಗದಂತೆ ನಾವೆಲ್ಲ ಹಾಕಿಕೊಳ್ಳುವ ಕೈಗವಸನ್ನು ಅವಳು ಕಳಚಿ ಮೇಜಿನ ಮೇಲಿಟ್ಟಳು. "ಆ ಮುದುಕೀನ ಮಾತ್ರ ಯಾರ ಹತ್ರಾನೂ ತಿದ್ದಿಸ್ಬೇಡಿ," ಎಂದಳು. ಮೇಡಂ ಆಗಲಿ ಎಂದು ತಲೆಯಾಡಿಸಿದರು.

ಬಾಗಿಲ ಬಳಿ ಅವಳಿಗೆ ಕೋಟಿನ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ನಾನು ಹೋಗಿ ಒಂದೊಂದಾಗಿ ಹಾಕಿದೆ.

"ಓರಿನ್‌ಗೆ ಏನಂತ ಹೇಳ್ಲೇ?" ಎಂದು ಕೇಳಿದಳು.

ಕತ್ತಿನ ಗುಂಡಿ ಹಾಕುವಾಗ ನನ್ನ ಕೈಯೂ ನಡುಗುತ್ತಿತ್ತು.